ವಜ್ರದ ಸ್ಪಿನ್ನೂ ತಂತುವಿನ ಕಂಪನವೂ

ಮೃದಂಗದ ಬಲಮುಚ್ಚಿಗೆಯ ನಡುವೆ ಕರಣೆಯಿರುವುದರಿಂದಲೇ ಅದರ ಉಪಸ್ವರಗಳು ಮೂಲಸ್ವರದೊಡನೆ ಪೂರ್ಣಸಂಖ್ಯೆಗಳ ಪ್ರಮಾಣದಲ್ಲಿ ಹೊಂದಿ ನಿಲ್ಲುವುವೆಂದು ಸಿ. ವಿ. ರಾಮನ್ನರು ತೋರಿಸಿದರು. ಇದನ್ನು ಕುರಿತ ಅವರ ಲೇಖನವು 1934ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ಸಿನ ಪತ್ರಿಕೆಯಲ್ಲಿ ಪ್ರಕಟವಾಯಿತು. 1940ರ ದಶಕದಲ್ಲಿ ಅದೇ ನಗರದ ಭಾರತೀಯ ವಿಜ್ಞಾನ ಮಂದಿರದಲ್ಲಿ ಅವರ ಶಿಷ್ಯೆ ಅನ್ನಾ ಮಣಿಯವರು ವಜ್ರಗಳ ಕಾಂತಿಯನ್ನು ಪರಿಶೀಲಿಸಿದರು. ಕಂಪನ, ವಜ್ರಕಾಂತಿ ಎಂಬ ಈ ಎರಡು ವಿಷಯಗಳು ಅಂದು ಬೇರೆಬೇರೆಯಾಗಿದ್ದುವು. ಈಚಿನ ಭೌತಶಾಸ್ತ್ರವು ಇವೆರಡನ್ನೂ ಒಂದೇ ಪ್ರಯೋಗದಲ್ಲಿ ಕೂಡಿಸಿರುವುದು.

ವಜ್ರವೆಂಬುದು ಇಂಗಾಲದ ಪರಮಾಣುಗಳ ಕ್ರಮಬದ್ಧವಾದ ಜೋಡಣೆ. ಅಲ್ಲಿ ಒಂದು ಇಂಗಾಲದ ಸ್ಥಾನವನ್ನು ಸಾರಜನಕವು ಆಕ್ರಮಿಸಿ, ಪಕ್ಕದ ಸ್ಥಾನವು ತೆರವಾಗಿದ್ದರೆ, ಆ ದೋಷದಲ್ಲಿ ನೆಲಸಿದ ಎಲೆಕ್ಟ್ರಾನುಗಳ ಸ್ಪಿನ್ನು ಅತಿ ಸೂಕ್ಷ್ಮವಾದ ಸೂಜಿಗಲ್ಲಿನಂತೆ ವರ್ತಿಸುವುದು. ಸ್ಪಿನ್ನನ್ನು ಬುಗುರಿಯ ತಿರುಗಾಟವೆಂದು ಭಾವಿಸಲಾಗದು. ಬುಗುರಿಯ ವೇಗ ಎಷ್ಟಾದರೂ ಆಗಬಹುದು, ಈ ಸ್ಪಿನ್ನನ್ನು ಅಳೆದರೆ ದೊರೆಯುವುದು ನಿಯತವಾದ ಮೂರು ಬೆಲೆಗಳಲ್ಲಿ ಒಂದು ಮಾತ್ರ. ಹಸಿರು ಬೆಳಕು ಬಿದ್ದಾಗ ಈ ದೋಷವು ಕೆಂಪಾಗಿ ಹೊಳೆಯುವುದು. ಆ ಕೆಂಪಿನ ಹೆಚ್ಚುಕಡಿಮೆಯಿಂದ ಸ್ಪಿನ್ನಿನ ಸ್ಥಿತಿಯನ್ನು ತಿಳಿಯಬಹುದು. ಅನ್ನಾ ಮಣಿಯವರು ಮುಖ್ಯವಾಗಿ ಪರಿಶೀಲಿಸಿದ ನೀಲಿ, ಹಸಿರು ಕಾಂತಿಗಳಿಗೆ ಬೇರೆ ದೋಷಗಳು ಕಾರಣವೆಂಬುದನ್ನು ಇಲ್ಲಿ ನೆನೆಯಬೇಕು.

ಸ್ಪಿನ್ನನ್ನು ಕಂಪನಕ್ಕೆ ಜೋಡಿಸುವ ಕ್ರಮ ಹೀಗಿದೆ. ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ತಂತುವಿನ ತುದಿಗೆ ವಜ್ರದ ಕಣವನ್ನು ಅಂಟಿಸಿ, ಸ್ಥಳದಿಂದ ಸ್ಥಳಕ್ಕೆ ತೀವ್ರವಾಗಿ ಬದಲಾಗುವ ಕಾಂತಕ್ಷೇತ್ರದಲ್ಲಿ ಅದನ್ನಿಡುವರು. ತಂತು ಅಲುಗಿದಂತೆಲ್ಲ ಸ್ಪಿನ್ನಿಗೆ ತಾಕುವ ಕ್ಷೇತ್ರವು ಏರಿಳಿಯುವುದು. ಅದರೊಡನೆ ಸ್ಪಿನ್ನಿನ ಶಕ್ತಿಯೂ ಏರಿಳಿಯುವುದು. ಫ್ರಾನ್ಸಿನ ಗ್ರೆನೋಬಲ್ ನಗರದ ಸಂಶೋಧಕರು 2011ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಕ್ರಿಯೆಗೆ ಪ್ರತಿಕ್ರಿಯೆ ಉಂಟಷ್ಟೆ; ಸ್ಪಿನ್ನು ಸಹ ಕಂಪಿಸುವ ವಸ್ತುವನ್ನು ಸೆಳೆಯುವುದು. ಸಿಲಿಕದೊಳಗಿನ ಒಂಟಿ ಎಲೆಕ್ಟ್ರಾನಿನ ಸ್ಪಿನ್ನನ್ನು, ಅಯಸ್ಕಾಂತದ ತುದಿಯುಳ್ಳ ಸೂಕ್ಷ್ಮವಾದ ಸನ್ನೆಯಿಂದ 2004ರಲ್ಲಿ ಅಮೆರಿಕದ ಐ.ಬಿ.ಎಂ. ಪ್ರಯೋಗಾಲಯದವರು ಈ ಸೆಳೆತದ ಮೂಲಕವೇ ಪತ್ತೆಮಾಡಿದರು. ಸುಮಾರು ನೂರು ಗ್ರಾಮಿನ ಭಾರವನ್ನು ಕೋಟಿ ಪಾಲು ಮಾಡಿ, ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಹತ್ತುಸಾವಿರ ಪಾಲು ಮಾಡಿದರೆ, ಅಂಥ ಎರಡು ಪಾಲಿನಷ್ಟು ಮಾತ್ರ ಆ ಬಲ.

ಇಷ್ಟು ಶ್ರಮದ ಉದ್ದೇಶವು ಬರಿಯ ಅಳತೆಯಲ್ಲ. ಕ್ವಾಂಟಂ ನಿಯಮದಂತೆ ಒಂದು ಸ್ಪಿನ್ನು ಎರಡು ಸ್ಥಿತಿಗಳ ಕೂಡುರೂಪದಲ್ಲಿರಬಲ್ಲುದು. ಆ ಎರಡು ಸ್ಥಿತಿಗಳು ತಂತುವನ್ನು ಎರಡು ಕಡೆಗೆ ಸೆಳೆಯುವುವಾದರೆ, ಅಸಂಖ್ಯಾತ ಪರಮಾಣುಗಳ ಆ ತಂತುವೂ ಅಂಥ ಕೂಡುರೂಪವನ್ನು ತಾಳಬೇಕು. ಉಷ್ಣದ ಕದಡಾಟವು ಅದನ್ನು ಕ್ಷಣಮಾತ್ರದಲ್ಲಿ ಅಳಿಸಿಬಿಡುವುದು. ಅದಕ್ಕೆ ಮುನ್ನವೇ ಜೋಡಣೆಯು ತನ್ನ ಕಾರ್ಯವನ್ನು ಮುಗಿಸಬೇಕು. ಎಷ್ಟು ದೊಡ್ಡ ವಸ್ತುವಿನವರೆಗೆ ಪರಮಾಣುವಿನ ಧರ್ಮವು ಸಲ್ಲುವುದೆಂಬ ಪ್ರಶ್ನೆಗೆ ಉತ್ತರವು ಈ ಹಾದಿಯಲ್ಲಿ ದೊರೆಯಬೇಕಾಗಿದೆ.