ನೀರಿನಿಂದ ಏಳುವ ವಿಮಾನ

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರು ನವಿಲುತೀರ್ಥದ ಅಣೆಕಟ್ಟನ್ನೂ ಅದರ ಹಿಂದೆ ಹರಡಿರುವ ಮಲಪ್ರಭೆಯ ಜಲರಾಶಿಯನ್ನೂ ನೋಡಿ ಬರುವುದುಂಟು. ಅಷ್ಟು ನೀರನ್ನು ಕಂಡ ಮಕ್ಕಳು, ‘ಇದರ ಮೇಲೆ ವಿಮಾನ ಇಳಿಯಬಹುದೆ?’ ಎಂದು ಕೇಳಿದರೆ ನಾವು ನಗಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಕ್ಯಾಟಲಿನಾ ಎಂಬ ಜಲವಿಮಾನಗಳು ಇಳಿಯುತ್ತಿದ್ದವು. ಅಲ್ಲಿಯ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಅವುಗಳ ದುರಸ್ತಿ ನಡೆಯುತ್ತಿತ್ತು.

ಆದರೆ ನೀರಿನಿಂದ ಮೇಲೇಳುವುದು ಸುಲಭವಲ್ಲ. ಚಿಕ್ಕ ಜಲವಿಮಾನಕ್ಕೆ ಗಾಲಿಗಳ ಬದಲು ದೋಣಿಯಾಕಾರದ ಎರಡು ತೇಲುಗಳಿರುತ್ತವೆ. ಮೊದಲು ನೀರು ಅವುಗಳನ್ನು ಹಿಡಿದೆಳೆಯುತ್ತದೆ. ವೇಗ ಹೆಚ್ಚಿದಂತೆ ಅವು ಮೇಲೆದ್ದು ನೀರಿನ ಮೇಲೆ ಜಾರತೊಡಗುತ್ತವೆ. ಕನ್ನಡಿಯಂತೆ ನಿಶ್ಚಲವಾದ ನೀರಿಗಿಂತ ಸಣ್ಣ ತೆರೆಗಳಿರುವ ನೀರೇ ಏಳುವುದಕ್ಕೆ ಅನುಕೂಲ. ಈ ಹೊತ್ತಿನಲ್ಲಿ ಎಂಜಿನು ತನ್ನ ಪೂರ್ಣ ಬಲವನ್ನು ಕೊಡಬೇಕು. ಇಂಧನದಲ್ಲಿ ನೀರು ಸೇರಿದ್ದರೆ ಆ ಬಲವು ಒಮ್ಮೆಲೆ ಕುಂದಬಹುದು. ನೀರು ಇಂಧನಕ್ಕಿಂತ ಭಾರವಾದುದರಿಂದ ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಆದುದರಿಂದಲೇ ಚಾಲಕನು ಹೊರಡುವ ಮೊದಲು ತಳದಿಂದ ಸ್ವಲ್ಪ ತೆಗೆದು ಪರೀಕ್ಷಿಸುತ್ತಾನೆ.

ತೇಲುಗಳು ಇನ್ನೂ ನೀರಿನ ಮೇಲಿರುವಾಗ ಬಲ ಕುಂದಿದರೆ ಎಂಜಿನನ್ನು ತಗ್ಗಿಸಿ ದೋಣಿಯಂತೆ ನಿಲ್ಲಬಹುದು. ಸ್ವಲ್ಪ ಮೇಲೆದ್ದ ಬಳಿಕ ಕುಂದಿದರೆ ಹಿಂದಿರುಗಬೇಕೆಂಬ ಆಸೆಯೇ ಶತ್ರು. ಎತ್ತರ ಬಿಡದೆ 60 ಅಂಶ ವಾಲಿ ತಿರುಗಿದರೆ ರೆಕ್ಕೆಗಳು ಹೊರಬೇಕಾದ ಭಾರ ಇಮ್ಮಡಿಯಾಗುತ್ತದೆ. ವೇಗವಿಲ್ಲದ ವಿಮಾನ ಅದನ್ನು ಹೊರಲಾರದೆ ಕುಸಿಯುತ್ತದೆ. ಆದುದರಿಂದ ಮೂತಿಯನ್ನು ಕೆಳಗೆ ಬಾಗಿಸಿ, ವೇಗವನ್ನು ಕಾಯ್ದುಕೊಂಡು, ಸುಮಾರಾಗಿ ನೇರಕ್ಕೆ ಸಿಕ್ಕ ಸ್ಥಳದಲ್ಲಿ ಇಳಿಯಬೇಕು. ಮುಂದೆ ನೀರೇ ಉಳಿದಿದ್ದರೆ ಜಲವಿಮಾನಕ್ಕೆ ಅದೇ ನಿಲ್ದಾಣ.

ಗಾಲಿಯ ವಿಮಾನಕ್ಕೆ ಆ ಭಾಗ್ಯವಿಲ್ಲ, ಹೊಲವನ್ನೇ ನಂಬಬೇಕು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ 2023ರ ಮೇ 30ರಂದು ಸಾಂಬ್ರಾ ನಿಲ್ದಾಣದಿಂದ ಎದ್ದ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊನ್ನಿಹಾಳದ ಹೊಲದಲ್ಲಿ ಇಳಿಯಬೇಕಾಯಿತು. ವಿಮಾನಕ್ಕೆ ಪೆಟ್ಟಾಯಿತು; ಒಳಗಿದ್ದ ಇಬ್ಬರೂ ಬದುಕಿ ಉಳಿದರು.

ವಿಮಾನವನ್ನು ಮತ್ತೆ ಕಟ್ಟಬಹುದು, ಜೀವವನ್ನು ಕಟ್ಟಲಾಗದು. ಹೊಸಬನಾದ ಚಾಲಕನಿಗೆ ಗುರುವು ಏಳುವ ಮೊದಲೇ, ‘ಈಗ ಎಂಜಿನು ನಿಂತರೆ ಎಲ್ಲಿ ಇಳಿಯುವೆ?’ ಎಂದು ಕೇಳುವುದು ಇದಕ್ಕಾಗಿಯೇ. ಕಿತ್ತೂರು, ಬೈಲಹೊಂಗಲ, ರಾಮದುರ್ಗಗಳ ನಮ್ಮ ಮಕ್ಕಳಲ್ಲಿ ಯಾರಾದರೂ ಮುಂದೆ ವಿಮಾನ ನಡೆಸುವ ವಿದ್ಯೆಗೆ ಹೋದರೆ, ಆ ಪ್ರಶ್ನೆಗೆ ಉತ್ತರವನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಲಿ ಎಂದು ನಾವು ಹಾರೈಸುತ್ತೇವೆ.