ತೆಂಗಿನ ಹೊಂಬಾಳೆಯ ಅತಿಥಿಗಳು

ತೆಂಗಿನ ಹರಳು ಉದುರಿದರೆ ನಾವು ಮಣ್ಣನ್ನು ದೂರುವೆವು. ನೀರು ಗೊಬ್ಬರಗಳ ಕೊರತೆಯೂ ಕಾರಣವಾಗಬಹುದು, ನಿಜ. ಆದರೆ ಒಮ್ಮೆ ತಲೆಯೆತ್ತಿ ಹೊಂಬಾಳೆಯನ್ನೂ ನೋಡಬೇಕು. ಅದರಲ್ಲಿ ಗಂಡುಹೂಗಳು ಸಾವಿರಗಟ್ಟಲೆ. ಹೆಣ್ಣುಹೂಗಳು ಸಾಮಾನ್ಯವಾಗಿ 20ರಿಂದ 40. ತಿಪಟೂರಿನ ಕಡೆ ಬೆಳೆಯುವಂತಹ ಎತ್ತರದ ತಳಿಗಳಲ್ಲಿ ಗಂಡುಹೂಗಳು ಮೊದಲು ಅರಳಿ, ಸುಮಾರು 3 ವಾರಗಳಲ್ಲಿ ಉದುರಿಹೋಗುವುವು. ಹೆಣ್ಣುಹೂಗಳು ಪರಾಗವನ್ನು ಸ್ವೀಕರಿಸಲು ಸಿದ್ಧವಾಗುವುದು ಸಾಮಾನ್ಯವಾಗಿ ಆಮೇಲೆಯೇ. ಸಗೋತ್ರ ವಿವಾಹ ಸಲ್ಲದೆಂಬ ನಿಯಮವನ್ನು ಈ ಮರವೂ ಬಲ್ಲದೋ ಏನೋ!

ಹೀಗಾಗಿ ಪರಾಗವು ಬಹುಮಟ್ಟಿಗೆ ನೆರೆಯ ಮರದಿಂದ ಬರಬೇಕು. ಗಾಳಿಯೂ ಅದನ್ನು ತರುವುದುಂಟು. ಆದರೆ ಹೆಣ್ಣುಹೂವು ಮಕರಂದವನ್ನು ಸ್ರವಿಸುವುದು ಗಾಳಿಗಾಗಿ ಅಲ್ಲವಷ್ಟೆ. ಇರುವೆಗಳು ಧಾರಾಳವಾಗಿ ಬರುವುವು. ಅವು ಹತ್ತಿದ ಮರದಲ್ಲಿಯೇ ಸುತ್ತುವುದು ಹೆಚ್ಚು. ತುಡುವೆ, ಕೋಲುಜೇನು, ಮುಜಂಟಿಗಳಾದರೋ ಪರಾಗವನ್ನು ಮೈಗೆ ಬಳಿದುಕೊಂಡು ಮರದಿಂದ ಮರಕ್ಕೆ ಹಾರುವುವು.

ಹುಳುಗಳ ಕಾಟವೆಂದು ಅರಳಿದ ಹೊಂಬಾಳೆಗೆ ಕೀಟನಾಶಕವನ್ನು ಸಿಂಪಡಿಸಿದರೆ ಈ ಅತಿಥಿಗಳೂ ಸಾಯುವುವು. ಸಿಂಪಡಿಸಲೇಬೇಕಾದರೆ, ಅರಳಿದ ಹೊಂಬಾಳೆಯನ್ನು ಬಿಟ್ಟು, ಜೇನುಗಳು ಗೂಡು ಸೇರಿದ ಸಂಜೆಯ ಹೊತ್ತನ್ನು ಆರಿಸಿಕೊಳ್ಳುವುದು ಉಚಿತ.