ಬಲೆಗೆ ಸಿಕ್ಕುವ ಸ್ಕೇಟ್ ಮೀನು

ಸ್ಕೇಟ್ ಎಂಬುದು ನಮ್ಮ ಕರಾವಳಿಯ ತೊರಕೆಯ ಬಳಗಕ್ಕೆ ಸೇರಿದ ಚಪ್ಪಟೆ ಮೀನು. ಪಶ್ಚಿಮ ಯುರೋಪಿನ ಕಡಲಿನ ದೊಡ್ಡ ಸ್ಕೇಟ್ 600 ಮೀಟರ್ ಆಳದವರೆಗೂ ವಾಸಿಸುತ್ತದೆ. ಬೇರೆ ಮೀನಿಗೆಂದು ಎಳೆದ ಟ್ರಾಲ್ ಬಲೆಗೆ ಇದೂ ಬೀಳುತ್ತದೆ.

ಇದು ಪ್ರಾಯಕ್ಕೆ ಬರಲು ಸುಮಾರು 11 ವರ್ಷ ಬೇಕು. ಅನಂತರ ಹೆಣ್ಣು ಮೀನು ವರ್ಷಕ್ಕೆ ಸುಮಾರು 40 ಮೊಟ್ಟೆಗಳನ್ನಷ್ಟೇ ಇಡುತ್ತದೆ. ಪ್ರತಿ ಮೊಟ್ಟೆಗೂ ಚರ್ಮದಂತಹ ಗಟ್ಟಿ ಚೀಲವಿರುತ್ತದೆ. ಹಲವು ತಿಂಗಳ ಮೇಲೆ ಹೊರಬರುವ ಮರಿಯೇ ಬಲೆಯ ಕಣ್ಣಿನಲ್ಲಿ ನುಸುಳದಷ್ಟು ದೊಡ್ಡದು. ಫಲ ಬಿಡುವ ಮೊದಲೇ ತೆಂಗಿನ ಸಸಿ ಕಡಿದಂತೆ, ಮೊಟ್ಟೆಯಿಡುವ ಮೊದಲೇ ಅದು ಬಲೆಪಾಲಾಗುತ್ತದೆ.

ಹೀಗಾಗಿ ಐರಿಷ್ ಸಮುದ್ರದಲ್ಲಿ ಈ ಮೀನು ಕಾಣದಾಯಿತೆಂದು 1981ರಲ್ಲಿ ವರದಿಯಾಯಿತು. ಐರೋಪ್ಯ ಒಕ್ಕೂಟ 2009ರಲ್ಲಿ ಇದನ್ನು ದಡಕ್ಕೆ ತರುವುದನ್ನು ನಿಷೇಧಿಸಿತು. ನಮ್ಮ ತೊರಕೆಯೂ ಕೆಲವೇ ಮರಿ ಹಾಕುತ್ತದೆ. ಆದ್ದರಿಂದ ಬಲೆಗೆ ಬಿದ್ದ ಮರಿಗಳನ್ನು ಜೀವವಿರುವಾಗಲೇ ಸಮುದ್ರಕ್ಕೆ ಬಿಡುವುದು ಒಳ್ಳೆಯದು.